ಎಲ್‌ಎಲ್‌ಆರ್‌ನಿಂದ ಡಿಎಲ್‌ವರೆಗೆ: ಎಡವುವ ಜಾಗಗಳು

ಬಂಡಿ ಚೆನ್ನಾಗಿಯೇ ಓಡಿಸುವವರೂ ಡಿಎಲ್‌ಗಾಗಿ ಆರ್‌ಟಿಓ ಕಚೇರಿಗೆ ಮೂರ್ನಾಲ್ಕು ಸಲ ಅಲೆಯುತ್ತಾರೆ. ಕಾರಣ ಕೇಳಿದರೆ ಇನ್‌ಸ್ಪೆಕ್ಟರ್ ಮೇಲೆ ದೂರು. ಕಾಗದ ತೆಗೆದು ನೋಡಿದರೆ ಬಹಳ ಸಲ ಕಾಣುವುದು ಬೇರೆ: ಅರ್ಜಿಯಲ್ಲಿ ತಪ್ಪು ವರ್ಗ, ಇಲ್ಲವೇ ಕೈಮೀರಿದ ದಿನಾಂಕ.

ಮೊದಲು ವರ್ಗದ ವಿಚಾರ. ಗೇರ್ ಇರುವ ಮೋಟಾರ್‌ಸೈಕಲ್, ಗೇರ್ ಇಲ್ಲದ್ದು, ಲಘು ಮೋಟಾರು ವಾಹನ ಅಂದರೆ ಎಲ್‌ಎಂವಿ, ಇವು ಬೇರೆ ಬೇರೆ. ಗೇರ್ ಬಂಡಿಯ ಡಿಎಲ್ ಇದ್ದವರು ಸ್ಕೂಟರ್ ಓಡಿಸಬಹುದು. ಸ್ಕೂಟರ್‌ನ ಡಿಎಲ್ ಹಿಡಿದು ಗೇರ್ ಬೈಕ್ ಹತ್ತುವಂತಿಲ್ಲ. ಹಾಗಾಗಿ ಮುಂದೆಂದಾದರೂ ಬೈಕ್ ಓಡಿಸುವ ಯೋಚನೆ ಇದ್ದರೆ ಈಗಲೇ ಗೇರ್ ವರ್ಗವನ್ನು ಆರಿಸಿ. ಕಾರೂ ಬೇಕಿದ್ದರೆ ಅದೇ ಅರ್ಜಿಯಲ್ಲಿ ಎಲ್‌ಎಂವಿ ಸೇರಿಸಿ.

ವಯಸ್ಸು 18 ತುಂಬಿರಬೇಕು. '16ಕ್ಕೇ ಸ್ಕೂಟರ್ ಲೈಸೆನ್ಸ್ ಸಿಗುತ್ತದಂತೆ' ಎಂಬ ಮಾತು ಅರ್ಧ ಸತ್ಯ. ಪೋಷಕರ ಒಪ್ಪಿಗೆಯೊಂದಿಗೆ 16ರವರಿಗೆ ಕಾನೂನು ಕೊಡುವುದು 50 ಸಿಸಿ ಮೀರದ ಬಂಡಿಗೆ ಮಾತ್ರ. ಮನೆಮನೆಯಲ್ಲಿರುವ 110 ಸಿಸಿ ಸ್ಕೂಟರ್ ಅದರೊಳಗೆ ಬರುವುದಿಲ್ಲ. ಅಪ್ರಾಪ್ತರು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪೋಷಕರಿಗೂ ವಾಹನದ ಮಾಲೀಕರಿಗೂ ತಟ್ಟುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೋ ಹುಡುಗಿಗೋ 25 ವರ್ಷ ಆಗುವವರೆಗೆ ಲೈಸೆನ್ಸ್ ಕನಸು.

ಅರ್ಜಿ ಆನ್‌ಲೈನ್‌ನಲ್ಲಿ, ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ. ಆಧಾರ್ ದೃಢೀಕರಣದ ದಾರಿ ಹಿಡಿದರೆ ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸ್‌ನ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು. ಆದರೆ ಹೆಸರು, ವಿಳಾಸ, ಫೋಟೊ ಎಲ್ಲವೂ ಆಧಾರ್‌ನಿಂದಲೇ ಬರುತ್ತವೆ ಎಂಬುದು ನೆನಪಿರಲಿ. ಆಧಾರ್‌ನಲ್ಲಿ ಇನಿಶಿಯಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಪೂರ್ಣ ಹೆಸರು ಎಂಬ ನಮ್ಮ ಕಡೆಯ ಹಳೇ ತೊಡಕಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಡಿಎಲ್ ಬಂದ ಮೇಲೆ ತಿದ್ದುವುದು ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ. ನಮೂನೆ 1ರಲ್ಲಿ ಆರೋಗ್ಯದ ಸ್ವಯಂಘೋಷಣೆ ಇರುತ್ತದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ಕನ್ನಡಕ ಹಾಕಿಕೊಂಡು ಓದಿದರೂ ಸರಿಯೇ. 40 ದಾಟಿದವರಿಗೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಕೂಡ ಬೇಕು.

ಎಲ್‌ಎಲ್‌ಆರ್ ಪರೀಕ್ಷೆಗೆ 60 ಶೇಕಡ ಉತ್ತರ ಸರಿಯಿದ್ದರೆ ಸಾಕು. ಫಲಕಗಳ ಆಕಾರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ: ದುಂಡಗಿದ್ದರೆ ಆಜ್ಞೆ, ತ್ರಿಕೋನವಿದ್ದರೆ ಎಚ್ಚರಿಕೆ, ಚೌಕ ಅಥವಾ ಆಯತವಿದ್ದರೆ ಮಾಹಿತಿ. ಕಡಿದಾದ ಘಾಟಿಯಲ್ಲಿ ಏರುವ ವಾಹನಕ್ಕೆ ಆದ್ಯತೆ ಎಂಬಂಥ ಪ್ರಶ್ನೆಗಳಲ್ಲೇ ಜನ ಎಡವುವುದು.

ಇನ್ನು ದಿನಾಂಕ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಸಿಕ್ಕ 30 ದಿನದ ಮೇಲೆ ಚಾಲನಾ ಪರೀಕ್ಷೆ. ಈ ನಡುವಿನ ಐದು ತಿಂಗಳು ಧಾರಾಳ ಅನಿಸುತ್ತದೆ, ಆದರೆ ಅಲ್ಲ. ಫೇಲಾದರೆ ಏಳು ದಿನ ಕಾಯಬೇಕು. ಮೂರು ಸಲ ಫೇಲಾದರೆ 60 ದಿನ. ಐದನೇ ತಿಂಗಳಲ್ಲಿ ಮೊದಲ ಸ್ಲಾಟ್ ಹಿಡಿದವರು ಮೂರನೇ ಸಲವೂ ಎಡವಿದರೆ, ಆ 60 ದಿನ ಮುಗಿಯುವಷ್ಟರಲ್ಲಿ ಎಲ್‌ಎಲ್‌ಆರ್ ಸತ್ತಿರುತ್ತದೆ. ಎರಡನೇ ತಿಂಗಳಲ್ಲೇ ಸ್ಲಾಟ್ ಹಾಕಿಕೊಳ್ಳುವುದು ಜಾಣತನ.

ಕಲಿಯುವಾಗ ಪಕ್ಕದಲ್ಲಿ ಡಿಎಲ್ ಇರುವವರು ಇರಲೇಬೇಕು, ವಾಹನ ನಿಲ್ಲಿಸಲು ಅವರ ಕೈಗೆಟುಕುವಂತೆ. ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು 'ಎಲ್' ಬೇಕು. ಫಲಕ ಕನಿಷ್ಠ 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ. ಟೇಪ್ ಹರಿದು ಅಂಟಿಸಿದ ಬೆರಳುದ್ದದ ಎಲ್ ಲೆಕ್ಕಕ್ಕಿಲ್ಲ.

ಪರೀಕ್ಷೆಗೆ ತರುವ ವಾಹನ ಅರ್ಜಿಯ ವರ್ಗದ್ದೇ ಆಗಿರಬೇಕು; ಆರ್‌ಸಿ, ವಿಮೆ, ಹೊಗೆ ತಪಾಸಣೆ ಚಾಲ್ತಿಯಲ್ಲಿರಬೇಕು. ಗೆಳೆಯನ ಬೈಕ್ ತಂದು, ವಿಮೆ ಮುಗಿದದ್ದು ಗೇಟಿನಲ್ಲಿ ಗೊತ್ತಾಗಿ ವಾಪಸಾಗುವುದು ಮಾಮೂಲು. ಬೈಕ್‌ನಲ್ಲಿ ಎಂಟರ ಆಕಾರದ ಸುತ್ತು ಹಾಕುವಾಗ ಕಾಲು ಊರುವುದು ಫೇಲಾಗಿಸುವ ತಪ್ಪು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಬಂಡಿ ಒಂದು ಕಡೆಗೆ ಬೀಳುತ್ತದೆ. ಮೊದಲ ಗೇರ್, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಹದವಾಗಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲೆ.

ಕಾರಿನವರು ಸೋಲುವುದು ಏರಿನಲ್ಲಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವಂಥ ಸೆನ್ಸರ್ ಪಥದಲ್ಲಿ ಹಿಂದೆ ಜಾರಿದರೆ ವಾದಿಸಲು ಇನ್‌ಸ್ಪೆಕ್ಟರೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್‌ಗೆ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ದನಿ ತಗ್ಗಿ ಬಾನೆಟ್ ಸ್ವಲ್ಪ ಎದ್ದಂತೆ ಆದಾಗ ಕ್ಲಚ್ ಅಲ್ಲೇ ಹಿಡಿದು, ತುಸು ಆಕ್ಸಿಲರೇಟರ್ ಕೊಟ್ಟು, ಆಮೇಲಷ್ಟೇ ಹ್ಯಾಂಡ್‌ಬ್ರೇಕ್ ಇಳಿಸಿ. ರಿವರ್ಸ್‌ಗೆ ಮುನ್ನ ಎರಡೂ ಕನ್ನಡಿ ನೋಡಿ, ಕುತ್ತಿಗೆ ತಿರುಗಿಸಿಯೂ ನೋಡಿ. ಸೀಟ್ ಬೆಲ್ಟ್ ಮರೆತವರನ್ನು ಬಂಡಿ ಹೊರಡುವ ಮೊದಲೇ ಇಳಿಸಬಹುದು.

ಕೇಂದ್ರ ನಿಯಮಗಳ ಪ್ರಕಾರ ಎಲ್‌ಎಲ್‌ಆರ್‌ಗೆ ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ ವರ್ಗಕ್ಕೆ 300, ಡಿಎಲ್ ನೀಡಿಕೆಗೆ 200. ಇದರ ಮೇಲೆ ಸ್ಮಾರ್ಟ್ ಕಾರ್ಡ್, ಸೇವಾ ಶುಲ್ಕ. ಏಜೆಂಟ್ ಹೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

30 ವರ್ಷದೊಳಗೆ ಪಡೆದ ಖಾಸಗಿ ಡಿಎಲ್ 40 ತುಂಬುವವರೆಗೆ. 30ರಿಂದ 50ರೊಳಗಿನವರಿಗೆ 10 ವರ್ಷ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿಸಿದರೆ, ಇಪ್ಪತ್ತು ವರ್ಷ ಓಡಿಸಿದವರೂ ಮತ್ತೆ ಟ್ರ್ಯಾಕ್‌ಗೆ ಇಳಿಯಲೇಬೇಕು.