ರ್ಯಾಕಿನ ಹಸಿರು ತಂತಿ

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ಸರ್ವರ್ ಕೋಣೆಯಲ್ಲಿ ಕೇಬಲ್ ಬದಲಿಸುತ್ತಿದ್ದಾಗ ಕೈಯ ಹಿಂಬದಿ, ಸರ್ವರ್‌ಗಳನ್ನು ಒಂದರ ಮೇಲೊಂದು ಜೋಡಿಸಿಡುವ ರ್ಯಾಕಿನ ಲೋಹದ ಚೌಕಟ್ಟಿಗೆ ತಗುಲಿ ಜುಮ್ಮೆಂದಿತು. ಕಾಲಲ್ಲಿ ರಬ್ಬರ್ ಅಟ್ಟೆಯ ಪಾದರಕ್ಷೆ ಇತ್ತು, ನೆಲವೂ ಒಣಗಿತ್ತು. ಹಾಗಾಗಿ ಅಷ್ಟಕ್ಕೇ ಮುಗಿಯಿತು. ಎಲೆಕ್ಟ್ರಿಷಿಯನ್ ಬಂದು, ರ್ಯಾಕಿನ ಹಿಂಬದಿಯಲ್ಲಿ ನಿಲ್ಲಿಸಿದ್ದ ಉದ್ದನೆಯ ಸಾಕೆಟ್ ಪಟ್ಟಿಯ, ಅಂದರೆ ಪಿಡಿಯುವಿನ, ಪ್ಲಗ್ ಬಿಚ್ಚಿ ನೋಡಿದರು. ಒಳಗೆ ಹಸಿರು ತಂತಿಯು, ಅಂದರೆ ಅರ್ಥ್ ತಂತಿಯು, ಸ್ಕ್ರೂವಿನಿಂದ ಕಳಚಿಕೊಂಡು ಪಕ್ಕಕ್ಕೆ ಬಾಗಿತ್ತು. ರ್ಯಾಕಿನಲ್ಲಿದ್ದ 16 ಉಪಕರಣಗಳಲ್ಲಿ ಒಂದೂ ಕೆಟ್ಟಿರಲಿಲ್ಲ, ಎಲ್ಲವೂ ಸುರಕ್ಷತಾ ಪರೀಕ್ಷೆಯಲ್ಲಿ ಗೆದ್ದು ಬಂದವೇ ಆಗಿದ್ದವು. ಅಂಥವುಗಳ ನಡುವೆ ಈ ಅಪಾಯ ಹೇಗೆ ಹುಟ್ಟಿತು ಎಂಬುದು ಅರ್ಥವಾಗಬೇಕಾದರೆ ಆ ಪರೀಕ್ಷೆಗಳು ಏನನ್ನು ನೋಡುತ್ತವೆ ಎಂದು ತಿಳಿಯಬೇಕು.

ಭಾರತದಲ್ಲಿ 2012ರ ಆದೇಶದೊಂದಿಗೆ ಶುರುವಾದ ಕಡ್ಡಾಯ ನೋಂದಣಿ ವ್ಯವಸ್ಥೆಯ ಪ್ರಕಾರ ಇಂಥ ಮಾಹಿತಿ ತಂತ್ರಜ್ಞಾನ ಉಪಕರಣಗಳ ಮಾದರಿಯನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಗೆದ್ದ ಮೇಲೆಯೇ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಸಿಗುತ್ತದೆ. ಇದಕ್ಕೆ ಆಧಾರವಾಗಿದ್ದ ಐಎಸ್ 13252 ಎಂಬ ಮಾನಕವು ಅಂತರರಾಷ್ಟ್ರೀಯ ಐಇಸಿ 60950-1ರ ಭಾರತೀಯ ರೂಪ. ಆ ಹಳೆಯ ಮಾನಕದ ಜಾಗಕ್ಕೆ ಈಗ ಐಇಸಿ 62368-1 ಬಂದಿದೆ. ಉಪಕರಣದೊಳಗೆ ಎಷ್ಟು ಶಕ್ತಿ ಇದೆ, ಅದರ ಹತ್ತಿರ ಬರುವವರು ಸಾಮಾನ್ಯರೋ ತರಬೇತಿ ಪಡೆದವರೋ, ಆ ಶಕ್ತಿಗೂ ಅವರಿಗೂ ನಡುವೆ ಯಾವ ರಕ್ಷಣೆ ನಿಂತಿದೆ ಎಂಬ ಮೂರು ಪ್ರಶ್ನೆಗಳಿಂದ ಹೊಸ ಮಾನಕದ ವಿಚಾರ ಹೊರಡುತ್ತದೆ.

ಪ್ರಯೋಗಾಲಯದಲ್ಲಿ ಬಳಸುವ ಸಾಧನಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಪರೀಕ್ಷಾ ಬೆರಳು. ಲೋಹದಿಂದ ಮಾಡಿದ, 80 ಮಿಲಿಮೀಟರ್ ಉದ್ದದ, ನಮ್ಮ ಬೆರಳಿನಂತೆಯೇ ಗಿಣ್ಣುಗಳಲ್ಲಿ ಮಡಚಿಕೊಳ್ಳುವ ಈ ಸಾಧನವನ್ನು ಉಪಕರಣದ ಪ್ರತಿಯೊಂದು ಕಿಂಡಿಗೂ ತೂರಿಸಿ ನೋಡುತ್ತಾರೆ; ಪವರ್ ಸಪ್ಲೈ ಹೊರಗೆಳೆದ ಮೇಲೆ ಉಳಿಯುವ ಖಾಲಿ ಗೂಡಿನೊಳಗೂ ಅದು ಅಪಾಯದ ಭಾಗವನ್ನು ಮುಟ್ಟಕೂಡದು. ಫ್ಯಾನ್ ತಿರುಗದಂತೆ ತಡೆದು, ಒಂದೊಂದೇ ಬಿಡಿಭಾಗವನ್ನು ಬೇಕೆಂದೇ ಶಾರ್ಟ್ ಮಾಡಿ, ಉಪಕರಣಕ್ಕೆ ತೆಳುವಾದ ಹತ್ತಿಬಟ್ಟೆ ಸುತ್ತಿ, ಆ ಬಟ್ಟೆಗೆ ಬೆಂಕಿ ತಗುಲುತ್ತದೆಯೇ ಎಂದು ಕಾಯುವ ಪರೀಕ್ಷೆಯೂ ಇದೆ.

ಪವರ್ ಸಪ್ಲೈ ಒಂದನ್ನು ಬಿಚ್ಚಿ ಅದರ ಸರ್ಕ್ಯೂಟ್ ಬೋರ್ಡನ್ನು ಬೆಳಕಿಗೆ ಹಿಡಿದರೆ ನಡುವೆ ಏನೂ ಇಲ್ಲದ ಒಂದು ಪಟ್ಟಿ ಕಾಣುತ್ತದೆ, ಕೆಲವೊಮ್ಮೆ ಅಲ್ಲಿ ಬೋರ್ಡನ್ನೇ ಸೀಳಿರುತ್ತಾರೆ. ಒಂದು ಬದಿಗೆ ಗೋಡೆಯಿಂದ ಬರುವ 230 ವೋಲ್ಟ್, ಇನ್ನೊಂದು ಬದಿಗೆ ನಮ್ಮ ಕೈಗೆ ಸಿಗಬಹುದಾದ 12 ವೋಲ್ಟ್. ಧೂಳು ಕೂತರೂ ಮೇಲ್ಮೈಯ ಗುಂಟ ವಿದ್ಯುತ್ ತೆವಳಿ ದಾಟಬಾರದೆಂದು ಸಾಮಾನ್ಯವಾಗಿ ಇಲ್ಲಿ 5 ಮಿಲಿಮೀಟರಿನಷ್ಟು ಅಂತರ ಬೇಕಾಗುತ್ತದೆ. ಈ ಎರಡು ಬದಿಗಳ ನಡುವೆ 3,000 ವೋಲ್ಟ್ ಕೊಟ್ಟು ಒಂದು ನಿಮಿಷ ಹಾಗೆಯೇ ಇಡುತ್ತಾರೆ. ಹಾಗೆಂದು 12 ವೋಲ್ಟಿನ ಬದಿಯನ್ನು ಹಗುರವಾಗಿ ಕಾಣುವಂತಿಲ್ಲ. ಅದರಿಂದ ಶಾಕ್ ಹೊಡೆಯುವುದಿಲ್ಲ, ಆದರೆ ನೂರು ಆಂಪಿಯರ್ ಕೊಡಬಲ್ಲ ಸಪ್ಲೈಗೆ ಬೆರಳಿನ ಉಂಗುರ ಅಡ್ಡ ಬಂದರೆ ಉಂಗುರ ಕೆಂಪಗೆ ಕಾಯುತ್ತದೆ. ಆದ್ದರಿಂದಲೇ 240 ವೋಲ್ಟ್-ಆಂಪಿಯರ್ (ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದ ಲೆಕ್ಕ) ತಲುಪಿದ ಭಾಗವನ್ನು ಹಳೆಯ ಮಾನಕವು ಅಪಾಯಕಾರಿ ಎಂದೇ ಎಣಿಸಿತ್ತು.

ಇನ್ನು ಸೋರಿಕೆಯ ವಿಷಯ. ಸ್ವಿಚಿಂಗ್ ಪವರ್ ಸಪ್ಲೈ ಹುಟ್ಟಿಸುವ ವಿದ್ಯುತ್ ಗದ್ದಲವನ್ನು ಅಡಗಿಸಲು ಒಳಬರುವ ತಂತಿಗಳಿಂದ ಲೋಹದ ಮೈಗೆ ‘ವೈ’ ಕೆಪಾಸಿಟರ್ ಎಂಬ ಸಣ್ಣ ಬಿಲ್ಲೆಗಳನ್ನು ಜೋಡಿಸುತ್ತಾರೆ. 4.7 ನ್ಯಾನೊಫ್ಯಾರಡ್‌ನ ಅಂಥ ಒಂದು ಬಿಲ್ಲೆಯ ಮೂಲಕ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 0.34 ಮಿಲಿಆಂಪಿಯರ್ ಸದಾ ಮೈಗೆ ಹರಿಯುತ್ತದೆ. ಇದು ದೋಷವಲ್ಲ, ವಿನ್ಯಾಸದ ಭಾಗ. ಆ ಸೋರಿಕೆಯನ್ನು ಹಸಿರು ತಂತಿ ಸದ್ದಿಲ್ಲದೆ ನೆಲಕ್ಕೆ ಒಯ್ಯುತ್ತದೆ. ಪ್ರಯೋಗಾಲಯದಲ್ಲಿ ಅರ್ಥ್ ಸಂಪರ್ಕವನ್ನು ಕಡಿದು, ಮನುಷ್ಯನ ದೇಹವನ್ನು ಹೋಲುವ ಸರ್ಕ್ಯೂಟಿನ ಮೂಲಕ ಇದನ್ನು ಅಳೆಯುತ್ತಾರೆ. ಸಾಮಾನ್ಯ ಮೂರು ಪಿನ್ ಪ್ಲಗ್ಗಿನ ಉಪಕರಣಕ್ಕೆ ಹಳೆಯ ಮಾನಕದ ಮಿತಿ 3.5 ಮಿಲಿಆಂಪಿಯರ್.

ಈ ಮಿತಿ ಒಂದು ಉಪಕರಣಕ್ಕೆ ಹಾಕಿದ್ದು ಎಂಬುದನ್ನು ನಾವು ಮರೆಯುತ್ತೇವೆ. ರ್ಯಾಕಿನ ಎತ್ತರವನ್ನು ಯೂನಿಟ್‌ಗಳಲ್ಲಿ ಹೇಳುತ್ತಾರೆ, ಒಂದು ಯೂನಿಟ್ಟೆಂದರೆ 44.45 ಮಿಲಿಮೀಟರ್. 42 ಯೂನಿಟ್ ರ್ಯಾಕಿನಲ್ಲಿ ಒಂದೊಂದು ಯೂನಿಟ್ ಎತ್ತರದ 40 ತೆಳು ಸರ್ವರ್‌ಗಳನ್ನು ಕೂಡಿಸಿ, ಒಂದೊಂದರಿಂದ ಬರೀ 0.7 ಮಿಲಿಆಂಪಿಯರ್ ಸೋರುತ್ತದೆ ಎಂದುಕೊಳ್ಳೋಣ. ಎಲ್ಲವೂ ಮಿತಿಯ ಬಹಳ ಕೆಳಗೆ ಇವೆ. ಆದರೆ ಅವುಗಳ ಮೈಗಳು ಒಂದೇ ಚೌಕಟ್ಟಿಗೆ ಬಿಗಿದುಕೊಂಡಿರುವುದರಿಂದ ಪಿಡಿಯುವಿನ ಒಂದೇ ಹಸಿರು ತಂತಿಯಲ್ಲಿ 28 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಬೇರೆ ಅರ್ಥ್ ದಾರಿ ಇಲ್ಲದಿರುವಾಗ ಆ ತಂತಿ ಕಳಚಿದರೆ ಚೌಕಟ್ಟು ಮುಟ್ಟಿದವರ ದೇಹವೇ ಅದರ ದಾರಿಯಾಗುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ಅನೇಕರಿಗೆ ಸಾಧ್ಯವಾಗುವುದಿಲ್ಲ. ಸೋರಿಕೆ ಹೆಚ್ಚಿರುವ ಉಪಕರಣದ ಮೇಲೆ ‘ಮೊದಲು ಅರ್ಥ್ ಜೋಡಿಸಿ, ಆಮೇಲೆ ವಿದ್ಯುತ್ ಕೊಡಿ’ ಎಂಬ ಎಚ್ಚರಿಕೆ ಇರುವುದು ಈ ಕಾರಣಕ್ಕೆ. ರ್ಯಾಕಿಗೆ ಕೂಡಿಸುವ ಉಪಕರಣಗಳ ಕೈಪಿಡಿಯಲ್ಲೂ ಸುತ್ತಲಿನ ಉಷ್ಣತೆ, ಗಾಳಿಯಾಟ, ಭಾರದ ಹಂಚಿಕೆ ಮತ್ತು ಸರ್ಕ್ಯೂಟಿನ ಮೇಲಿನ ಹೊರೆಯ ಜೊತೆಗೆ ನಂಬಲರ್ಹ ಅರ್ಥಿಂಗ್ ಇರಲೇಬೇಕೆಂದು ಬರೆದಿರುತ್ತಾರೆ. ಆ ಪುಟವನ್ನು ಓದದೆ ತಿರುವಿಹಾಕುವವರೇ ಹೆಚ್ಚು ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಉಪಕರಣದೊಳಗಿನ ಅರ್ಥ್ ದಾರಿಯ ರೋಧ 0.1 ಓಮ್ ಮೀರಬಾರದೆಂದು ಹತ್ತಾರು ಆಂಪಿಯರ್ ಹರಿಸಿ ಪರೀಕ್ಷಿಸುತ್ತಾರೆ. ಅದೇ ಕಾಳಜಿ ರ್ಯಾಕಿಗೂ ಬೇಕು. ಬಣ್ಣ ಬಳಿದ ತಗಡಿನ ಮೇಲೆ ಸಾದಾ ವಾಷರ್ ಹಾಕಿ ಬೋಲ್ಟ್ ಬಿಗಿದರೆ ಬಣ್ಣವೇ ನಡುವೆ ಅಡ್ಡ ನಿಲ್ಲುತ್ತದೆ. ಹಲ್ಲುಗಳಿರುವ ವಾಷರ್ ಬಣ್ಣವನ್ನು ಕೆರೆದು ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಪ್ಲಗ್ಗಿನ ತಂತಿಯನ್ನಷ್ಟೇ ನೆಚ್ಚದೆ ಚೌಕಟ್ಟಿನಿಂದಲೇ ಅರ್ಥ್ ಪಟ್ಟಿಗೆ ಬೇರೊಂದು ದಪ್ಪ ತಂತಿ ಎಳೆಯಬೇಕು.

ನಮ್ಮ ರ್ಯಾಕಿಗೆ ಅಂದು ಸಂಜೆ ಅಂಥ ತಂತಿ ಬಂತು. ಪ್ಲಗ್ಗಿನ ಸ್ಕ್ರೂ ಬಿಗಿದ ಮೇಲೆ, ಹೊಸ ತಂತಿ ಜೋಡಿಸುವ ಮೊದಲು, ಎಲೆಕ್ಟ್ರಿಷಿಯನ್ ಹಸಿರು ತಂತಿಯ ಸುತ್ತ ಸೋರಿಕೆ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನನ್ನನ್ನು ಕರೆದು ತೋರಿಸಿದರು: 11 ಮಿಲಿಆಂಪಿಯರ್.