ಕೀಮೋ ಮುಗಿಸಿ ಮನೆಗೆ ಬಂದ ಮೇಲೆ ಸ್ಮಾರ್ಟ್‌ವಾಚ್ ಏನು ನೋಡುತ್ತದೆ?

ಕ್ಯಾನ್ಸರ್ ರೋಗಿಗೆ ಕೀಮೋ ಕೊಟ್ಟು ಮನೆಗೆ ಕಳಿಸುತ್ತಾರೆ. ಮತ್ತೆ ಆಸ್ಪತ್ರೆಗೆ ಹೋಗುವುದು ಸಾಮಾನ್ಯವಾಗಿ ಎರಡು ಮೂರು ವಾರ ಬಿಟ್ಟು. ತೊಂದರೆ ಜಾಸ್ತಿ ಆಗುವುದು ಈ ನಡುವೆಯೇ. ಔಷಧಿ ಕೊಟ್ಟು ಸುಮಾರು 7ರಿಂದ 14 ದಿನಕ್ಕೆ ರಕ್ತದಲ್ಲಿ ಬಿಳಿ ರಕ್ತಕಣಗಳು ತೀರಾ ಕಡಿಮೆ ಆಗಿರುತ್ತವೆ, ಆಗ ಸೋಂಕು ತಗುಲಿದರೆ ಗಂಟೆಗಳಲ್ಲೇ ಕೈಮೀರಬಹುದು. ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? 'ಸ್ವಲ್ಪ ಮೈ ಬಿಸಿ ಇದೆ, ಬೆಳಗ್ಗೆ ನೋಡೋಣ' ಅನ್ನುತ್ತೇವೆ, ಅಲ್ವಾ?

ವಾಚ್ ಕೆಲಸಕ್ಕೆ ಬರುವುದು ಇಲ್ಲಿ. ಅದರ ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ, ನಾಡಿ ಬಡಿದಾಗಲೆಲ್ಲ ರಕ್ತ ಅದನ್ನು ಸ್ವಲ್ಪ ಜಾಸ್ತಿ ಹೀರಿಕೊಳ್ಳುತ್ತದೆ, ವಾಪಸ್ ಬಂದ ಬೆಳಕಿನ ಏರಿಳಿತದಿಂದ ವಾಚು ಎದೆಬಡಿತ ಎಣಿಸುತ್ತದೆ. ಮಲಗಿದಾಗ 70 ಇರುತ್ತಿದ್ದದ್ದು 84 ಆಯ್ತು ಅನ್ನಿ. ಪುಸ್ತಕದ ಲೆಕ್ಕದಲ್ಲಿ 84 ನಾರ್ಮಲ್. ಆದರೆ ಈ ವ್ಯಕ್ತಿಗೆ ಅಲ್ಲ, ಸೋಂಕಿನ ಸುಳಿವಿರಬಹುದು. ವಾಚಿನ ನಿಜವಾದ ಲಾಭ ಇದೇ: ಅದು ನಿಮ್ಮನ್ನು ಹೋಲಿಸುವುದು ನಿಮ್ಮ ಹೋದ ವಾರದ ಜೊತೆಗೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಹೆಜ್ಜೆ ಲೆಕ್ಕ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದ 38 ರೋಗಿಗಳಿಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿದ್ದರು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ದಿನಕ್ಕೆ ಸಾವಿರ ಹೆಜ್ಜೆ ಜಾಸ್ತಿ ಇದ್ದಷ್ಟೂ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು 38% ಕಡಿಮೆ. ಹಾಗಂತ ನಡೆದರೆ ರೋಗ ಓಡಿಹೋಗುತ್ತದೆ ಅಂತಲ್ಲ. ವಾಂತಿ, ನಿರ್ಜಲತೆ, ನೋವು, ಸುಸ್ತು, ಊಟ ಸೇರದಿರುವುದು, ಯಾವುದೇ ಇರಲಿ, ಮೊದಲು ಕಾಲು ನಿಲ್ಲುತ್ತದೆ. ಡಾಕ್ಟರ್ ಕೇಳಿದರೆ 'ಪರವಾಗಿಲ್ಲ ಸಾರ್' ಅನ್ನುವವರ ಹೆಜ್ಜೆ ಮಾತ್ರ ಸುಳ್ಳು ಹೇಳುವುದಿಲ್ಲ. ಬರೀ 38 ಜನರ ಲೆಕ್ಕ, ಅದನ್ನೂ ಮರೆಯಬಾರದು.

ತಪ್ಪುಗಳೂ ಇವೆ. ಮಣಿಕಟ್ಟಿನ ಚರ್ಮದ ಬಿಸಿ ಮೈಯೊಳಗಿನ ಜ್ವರ ಅಲ್ಲ, ಕಂಬಳಿ ಹೊದ್ದರೂ ಬದಲಾಗುತ್ತದೆ. ರಕ್ತಹೀನತೆ ಇದ್ದರೂ ಎದೆಬಡಿತ ಏರುತ್ತದೆ. ವಾಚಿನಂತೆ ಬೆಳಕಿನಿಂದಲೇ ಅಳೆಯುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಹೆಚ್ಚು ಸಲ ಗುರುತಿಸದೆ ಬಿಡುತ್ತದೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮಗಿದು ಸಣ್ಣ ವಿಷಯ ಅಲ್ಲ.

ಇನ್ನೊಂದು ಪ್ರಶ್ನೆ: ಅಲಾರಂ ಬಂದರೆ ನೋಡುವವರು ಯಾರು? ಅದೇ 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು, ವಾಚ್ ಇಲ್ಲದೆ ಬರೀ ಆಸ್ಪತ್ರೆ ದಾಖಲೆ ಇಟ್ಟುಕೊಂಡು, ರೇಡಿಯೇಷನ್ ರೋಗಿಗಳಲ್ಲಿ ಯಾರಿಗೆ ಅಪಾಯ ಹೆಚ್ಚು ಅಂತ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರು. ಅಂಥವರನ್ನು ವಾರಕ್ಕೆ ಒಂದರ ಬದಲು ಎರಡು ಸಲ ಪರೀಕ್ಷಿಸಿದಾಗ ತುರ್ತು ಚಿಕಿತ್ಸೆ ಬೇಕಾದ ಪ್ರಮಾಣ 22.3%ರಿಂದ 12.3%ಕ್ಕೆ ಇಳಿಯಿತು. ಇಳಿಸಿದ್ದು ಆ ಎರಡನೇ ಭೇಟಿ. ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿಗೆ ಬಂದು ಹೋಗುವ ರೋಗಿಯ ಕೈಗೆ ವಾಚ್ ಕಟ್ಟುವುದು ಸುಲಭ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ನರ್ಸ್, ಹತ್ತಿರದಲ್ಲೇ ಆಂಟಿಬಯೋಟಿಕ್ ಡ್ರಿಪ್ ಹಾಕುವ ಆಸ್ಪತ್ರೆ, ಇವೆರಡೇ ಕಷ್ಟ.

ಅಂದಹಾಗೆ, ಕೀಮೋ ನಡೆಯುತ್ತಿರುವಾಗ ಥರ್ಮಾಮೀಟರ್ 101 ಫ್ಯಾರನ್‌ಹೀಟ್ ತೋರಿಸಿದರೆ ವಾಚ್ ಏನೇ ಹೇಳಲಿ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.