ಕೆರೆಯಂಗಳದ ಕಾಲ್ಚೆಂಡು: ಕಂಠೀರವ ಬಿಎಫ್‌ಸಿಯ ತವರಾದದ್ದು ಹೇಗೆ, ತಕರಾರು ಮುಗಿಯದಿರುವುದು ಏಕೆ

ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ತವರಿನ ಪಂದ್ಯಗಳನ್ನು ಆಡುವ ಶ್ರೀ ಕಂಠೀರವ ಕ್ರೀಡಾಂಗಣ ಆ ಕ್ಲಬ್ಬಿನ ಆಸ್ತಿಯಲ್ಲ. ಅದು ರಾಜ್ಯದ ಕ್ರೀಡಾ ಇಲಾಖೆಗೆ ಸೇರಿದ್ದು, ಕ್ಲಬ್ ಅಲ್ಲಿ ಬಾಡಿಗೆಗಿದೆ. ಬೆಳಿಗ್ಗೆ ಸಂಜೆ ಅಲ್ಲಿ ಓಡುವ, ಎಸೆಯುವ, ಜಿಗಿಯುವ ಅಥ್ಲೀಟ್‌ಗಳಿಗೂ ಅದೇ ಮನೆ. ಅಂಗಳ ಯಾರಿಗೆ ಎಷ್ಟು ಎಂದು ಈ ಇಬ್ಬರ ನಡುವೆ ಹತ್ತು ವರ್ಷಗಳಿಂದ ಹೊಗೆಯಾಡುತ್ತಿರುವ ತಕರಾರಿನಲ್ಲಿ ಯಾರೋ ಒಬ್ಬರನ್ನು ಖಳರನ್ನಾಗಿ ಮಾಡುವುದು ಸುಲಭ. ಆದರೆ ಜಾಗದ ಚರಿತ್ರೆಯನ್ನೂ ಅಳತೆಯನ್ನೂ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ಈ ಜಾಗ ಮೊದಲು ಸಂಪಂಗಿ ಕೆರೆಯಾಗಿತ್ತು. ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆಯ ನೀರನ್ನು ಊರು ಕುಡಿಯುತ್ತಿತ್ತು, ಸುತ್ತಲಿನ ತೋಟಗಳಿಗೂ ಅದೇ ಆಧಾರ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರತೊಡಗಿದ ಮೇಲೆ ಕೆರೆಯ ಮೇಲಿನ ಅವಲಂಬನೆ ಕಳಚಿತು. ಅಂಗಳ ಒಣಗುತ್ತಾ ಬಂತು, ಒಣಗಿದ ಕಡೆ ಆಟಗಳು ಶುರುವಾದವು. ಇಂದು ಉಳಿದಿರುವುದು ಕ್ರೀಡಾಂಗಣದ ಆವರಣದಲ್ಲಿ ಕರಗದ ವಿಧಿಗಳಿಗಾಗಿ ಕಾಪಾಡಿಕೊಂಡಿರುವ ಪುಟ್ಟ ಕುಂಟೆ ಮಾತ್ರ. ಈ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟದ ಮುಖ್ಯ ಅಂಗಳವಾಯಿತು. ಅಂದರೆ ಇದು ಮೊದಲಿನಿಂದಲೂ ಓಟದ ಟ್ರ್ಯಾಕ್ ಇರುವ ಅಥ್ಲೆಟಿಕ್ಸ್ ಅಂಗಳ. ಫುಟ್‌ಬಾಲ್ ಅದರ ಹೊಟ್ಟೆಯೊಳಗೆ ಬಂದು ಕುಳಿತದ್ದು.

ಊರಿನ ಫುಟ್‌ಬಾಲಿಗೆ ತನ್ನದೇ ಆದ ಅಂಗಳ ಇರಲಿಲ್ಲವೆಂದಲ್ಲ. ಅಶೋಕನಗರದಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಇದೆ. ಇಲ್ಲಿನ ಆಟದ ಬೇರೂ ಆಳವಾದದ್ದು: ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ಕ್ಲಬ್ ಆಯಿತು, ಮರುವರ್ಷವೂ ಗೆದ್ದಿತು. ಮೈಸೂರು ತಂಡ 1946-47ರಿಂದ 1968-69ರೊಳಗೆ ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತು. ಐದನೆಯದಕ್ಕೆ ಕರ್ನಾಟಕ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಎಚ್‌ಎಎಲ್, ಐಟಿಐನಂಥ ಕಾರ್ಖಾನೆ ತಂಡಗಳ ಕಾಲ ಮುಗಿಯುತ್ತಾ ಬಂದಂತೆ ಅಶೋಕನಗರದ ಗ್ಯಾಲರಿಗಳೂ ಸೊರಗಿದವು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಉದ್ಯಮ ಸಮೂಹದ ಒಡೆತನದಲ್ಲಿ ಹುಟ್ಟಿದ ಬಿಎಫ್‌ಸಿ ಮೊದಲು ಕಾಲಿಟ್ಟದ್ದು ಈ ಅಶೋಕನಗರಕ್ಕೇ. ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ 1-1. ಕೃತಕ ಹುಲ್ಲಿನ ಅಂಗಳ, ಟ್ರ್ಯಾಕ್ ಇಲ್ಲ, ಪ್ರೇಕ್ಷಕರು ಗೆರೆಗೆ ಅಂಟಿಕೊಂಡಂತೆ ಕೂರುವ ಜಾಗ. ಆ ಮೊದಲ ಸೀಸನ್ನಿನಲ್ಲೇ ತಂಡ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿ ಬಳಗ ರೂಪುಗೊಂಡದ್ದೂ ಅದೇ ಹೊತ್ತಿಗೆ. ಆದರೆ ಅಲ್ಲಿ ಹಿಡಿಸುವುದು ಎಂಟು ಸಾವಿರದಷ್ಟು ಜನ. 2014-15ಕ್ಕೆ ಕ್ಲಬ್ ಅದರ ಮೂರುಪಟ್ಟು ಜನ ಕೂರುವ ಕಂಠೀರವಕ್ಕೆ ಬಂತು. 2016ರ ಅಕ್ಟೋಬರ್ 19ರಂದು ಇಲ್ಲೇ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಆ ರಾತ್ರಿಯ ನಂತರ ಕಂಠೀರವವನ್ನು ಬರೀ ಬಾಡಿಗೆ ಜಾಗ ಎಂದು ಯಾವ ಅಭಿಮಾನಿಯೂ ಒಪ್ಪಲಿಕ್ಕಿಲ್ಲ.

ಈಗ ಅಳತೆಗೆ ಬರೋಣ, ಜಗಳದ ಬೇರು ಇರುವುದು ಇಲ್ಲಿ. ಪ್ರಮಾಣಿತ 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಹಾಗಾಗಿ ಒಳಗೆ ಸಿಗುವ ಅಗಲ 73 ಮೀಟರ್. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಗಳ ಕೂರಿಸಿದರೆ ಪಕ್ಕದ ಗೆರೆಗಳಾಚೆ ಎರಡೂವರೆ ಮೀಟರ್ ಉಳಿಯುತ್ತದೆ. ಅಂಗಳದ ಎರಡೂ ತುದಿ ಸುಮಾರು ಹತ್ತು ಮೀಟರಿನಷ್ಟು ತಿರುವಿನೊಳಗೆ ನುಗ್ಗುವುದರಿಂದ ಮೂಲೆಯ ಬಾವುಟದಿಂದ ಟ್ರ್ಯಾಕಿನ ಒಳ ಅಂಚಿಗೆ ಉಳಿಯುವುದು ಹೆಚ್ಚುಕಮ್ಮಿ ಒಂದೇ ಮೀಟರ್. ಕಾರ್ನರ್ ಕಿಕ್ ಹೊಡೆಯುವವನು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅಡಿಯಲ್ಲಿ ಸ್ಟಡ್ (ಹಿಡಿತದ ಮೊಳೆ) ಇರುವ ಬೂಟು ಸಿಂಥೆಟಿಕ್ ಟ್ರ್ಯಾಕಿನ ಮೇಲಿರುತ್ತದೆ. ಇಂಥ ಅಂಗಳಗಳಲ್ಲಿ ಆ ಭಾಗಕ್ಕೆ ಕೃತಕ ಹುಲ್ಲಿನ ಹಾಸು ಹಾಸುವುದು ಇದಕ್ಕೇ. ಹಾಸು ಸರಿಯಾಗಿ ಕೂರದಿದ್ದರೆ ಆಟಗಾರ ಜಾರುತ್ತಾನೆ, ಹಾಸದೇ ಬಿಟ್ಟರೆ ಸ್ಟಡ್‌ಗಳು ಸುಮಾರು 13 ಮಿ.ಮೀ. ದಪ್ಪದ ರಬ್ಬರ್ ಪದರವನ್ನು ಕಿತ್ತುಹಾಕುತ್ತವೆ.

ನೋಡುವವರ ನಷ್ಟ ಇನ್ನೂ ದೊಡ್ಡದು. ಎಂಟು ಲೇನ್, ತಲಾ 1.22 ಮೀಟರಿನಂತೆ ಟ್ರ್ಯಾಕ್ ಅಗಲವೇ ಹತ್ತು ಮೀಟರಿನ ಹತ್ತಿರ. ಹೀಗಾಗಿ ಪಕ್ಕದ ಗೆರೆಯಿಂದ ಮೊದಲ ಸಾಲು ಕನಿಷ್ಠ 12 ಮೀಟರ್ ದೂರ, ಗೋಲಿನ ಹಿಂದೆ ಕನಿಷ್ಠ 36 ಮೀಟರ್. ಫುಟ್‌ಬಾಲಿಗೆಂದೇ ಕಟ್ಟಿದ ಅಂಗಳಗಳಲ್ಲಿ ಗೋಲಿನ ಹಿಂದಿನ ಗ್ಯಾಲರಿಯೇ ಕೂಗಾಟದ ಹೃದಯ. ಕಂಠೀರವದಲ್ಲಿ ಆ ಸದ್ದು ಪಶ್ಚಿಮದ ಬದಿಯಿಂದ ಬರುತ್ತದೆ, ಈ ಲೆಕ್ಕ ನೋಡಿದರೆ ಅದು ಸಹಜವೇ.

ಅಥ್ಲೀಟ್‌ಗಳ ದೂರೂ ಅಷ್ಟೇ ನ್ಯಾಯವಾದದ್ದು. ಪಂದ್ಯವೆಂದರೆ ತೊಂಬತ್ತು ನಿಮಿಷವಲ್ಲ. ಜಾಹೀರಾತಿನ ಎಲ್‌ಇಡಿ ಫಲಕ, ಮೀಸಲು ಆಟಗಾರರ ಡಗ್‌ಔಟ್, ಕ್ಯಾಮೆರಾ ವೇದಿಕೆ, ಕೇಬಲ್ಲು ಎಲ್ಲವೂ ಕೂರುವುದು ಟ್ರ್ಯಾಕಿನ ಮೇಲೆಯೇ. ಹಿಂದಿನ ದಿನದ ಅಧಿಕೃತ ಅಭ್ಯಾಸ, ಪಂದ್ಯದ ದಿನ, ಮರುದಿನ ತೆರವು ಸೇರಿದರೆ ಒಂದು ಪಂದ್ಯಕ್ಕೆ ಮೂರು ದಿನ ಹೋಗುತ್ತದೆ. ಸೀಸನ್ನಿಗೆ ಹತ್ತು-ಹನ್ನೆರಡು ತವರು ಪಂದ್ಯವೆಂದರೆ ಮೂವತ್ತಕ್ಕೂ ಹೆಚ್ಚು ದಿನ. ರಾಷ್ಟ್ರೀಯ ಕೂಟಕ್ಕೆ ತಯಾರಾಗುವ ಓಟಗಾರ್ತಿಗೆ ಇದು ಸಣ್ಣ ಪೆಟ್ಟಲ್ಲ.

ಎಸೆತದವರ ಪಾಡು ಇನ್ನೂ ಕಷ್ಟ. ಪುರುಷರ ಹ್ಯಾಮರ್, ಅಂದರೆ ತಂತಿಗೆ ಕಟ್ಟಿದ ಲೋಹದ ಗುಂಡು, 7.26 ಕಿಲೋ. ಅರವತ್ತು-ಎಪ್ಪತ್ತು ಮೀಟರ್ ಹಾರಿ ಬಿದ್ದಾಗ ಅದು ಹುಲ್ಲನ್ನು ಬೇರುಸಮೇತ ಒಳಕ್ಕೆ ತಳ್ಳಿ ಗುಳಿ ಮಾಡುತ್ತದೆ. ಮೇಲಿಂದ ಹುಲ್ಲು ಮುಚ್ಚಿಕೊಂಡು ಗುಳಿ ಕಾಣದೇ ಹೋದರೆ ಓಡುವ ಆಟಗಾರನ ಪಾದ ತಿರುಚುತ್ತದೆ. ರಿಪೇರಿಗೆ ಬರೀ ಮಣ್ಣು ಸುರಿದು ತುಳಿದರೆ ಆಗದು, ಮುಂದಿನ ಮಳೆಗೆ ಅದು ಕುಸಿಯುತ್ತದೆ. ಗುಳಿಯ ಸುತ್ತ ಫೋರ್ಕ್ ಚುಚ್ಚಿ ಗಟ್ಟಿಯಾದ ಮಣ್ಣನ್ನು ಸಡಿಲಿಸಿ ಮೇಲೆತ್ತಬೇಕು, ಅಂಗಳದ ತಳದಲ್ಲಿರುವ ಮರಳು ಮಿಶ್ರಣವನ್ನೇ ಪದರ ಪದರವಾಗಿ ತುಂಬಿ ಒತ್ತಬೇಕು, ಮೇಲೆ ಅದೇ ಜಾತಿಯ ಹುಲ್ಲಿನ ತುಂಡು ಕೂರಿಸಿ ನೀರುಣಿಸಬೇಕು. ಬೇರು ಹಿಡಿಯಲು ವಾರಗಳೇ ಬೇಕು. ಲೀಗ್ ನಡೆಯುವಾಗ ಆ ವಾರಗಳು ಸಿಗುವುದಿಲ್ಲ. ಅದಕ್ಕೇ ಎಸೆತಕ್ಕೆ ತಡೆ, ತಡೆಗೆ ಪ್ರತಿಭಟನೆ. ಅಥ್ಲೀಟ್‌ಗಳೂ ಕೋಚ್‌ಗಳೂ ಹೈಕೋರ್ಟಿಗೂ ಹೋದರು. 2019ರಲ್ಲಂತೂ ಬಿಎಫ್‌ಸಿ ತವರು ಪಂದ್ಯಗಳನ್ನು ಪುಣೆಗೆ ಒಯ್ಯುವ ಮಾತು ಗಟ್ಟಿಯಾಗಿತ್ತು. ಕಡೆಗೆ ಕಂಠೀರವದಲ್ಲೇ ಆಡಿದರು.

ಇಷ್ಟರ ಮೇಲೆ ಇದು ರಾಜಧಾನಿಯ ಸಭಾಂಗಣವೂ ಹೌದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಜನಸಾಗರ ಹರಿದದ್ದು ಇಲ್ಲಿಗೆ. 2023ರ ಮೇ 20ರಂದು ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಇಲ್ಲಿಯೇ. ಅದರ ಮುಂದಿನ ತಿಂಗಳು ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಕೂಟ ಸ್ಯಾಫ್ ಚಾಂಪಿಯನ್‌ಷಿಪ್. ಮಳೆಯಲ್ಲಿ ನೆನೆದ ಅಂಗಳದಲ್ಲಿ ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ತಗ್ಗಿನ ಜಾಗವಾದ್ದರಿಂದ ಮಳೆಗಾಲದಲ್ಲಿ ಇಲ್ಲಿ ಬಸಿಗಾಲುವೆಗಳ ಮೇಲೆ ಸದಾ ಕಣ್ಣಿಡಬೇಕು. ವೇದಿಕೆ, ಕುರ್ಚಿ, ಜನರ ಭಾರಕ್ಕೆ ಮೇಲಿನ ಮಣ್ಣು ಬಿಗಿದುಕೊಂಡರೆ ನೀರು ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಆಗ ಗಾಳಿಯಾಡಲು ತೂತು ಕೊರೆಯುವ ಯಂತ್ರ ಓಡಿಸಿ ಮರಳು ತುಂಬದೆ ಬೇರೆ ದಾರಿಯಿಲ್ಲ.

2025ರ ಜುಲೈ 5ರಂದು ಇದೇ ಅಂಗಳದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ನಡೆಯಿತು. ಚೋಪ್ರಾ 86.18 ಮೀಟರ್ ಎಸೆದು ಗೆದ್ದರು. ಜಾವೆಲಿನ್ ಸಲುವಾಗಿಯೇ ಗ್ಯಾಲರಿಗಳು ತುಂಬಿದ್ದವು. ಒಂದೇ ಅಂಗಳ ಎರಡೂ ಆಟಕ್ಕೆ ಒದಗಬಲ್ಲದು, ಆದರೆ ಒಂದೇ ವಾರದಲ್ಲಿ ಅಲ್ಲ. ಲೀಗ್ ಇಲ್ಲದ ತಿಂಗಳುಗಳಲ್ಲಿ ಹುಲ್ಲಿಗೆ ವಿಶ್ರಾಂತಿಯ ವಾರಗಳನ್ನು ಮೊದಲು ಗುರುತಿಸಿ, ಉಳಿದದ್ದನ್ನು ಎಸೆತಕ್ಕೆ ಬಿಡಬೇಕು. ಸೀಸನ್ನಿನಲ್ಲಿ ಎಸೆತದವರಿಗೆ ಬೇರೆ ಅಭ್ಯಾಸದ ಅಂಗಳ ಖಾತ್ರಿಯಾಗಬೇಕು. ಪಂದ್ಯದ ದಿನಾಂಕ ಗೊತ್ತಾದ ಕೂಡಲೇ ಟ್ರ್ಯಾಕ್ ಮುಚ್ಚುವ ದಿನಗಳನ್ನು ಗೇಟಿನಲ್ಲಿ ಹಾಕಬೇಕು. ಆದರೆ ಮೂಲೆಯ ಬಾವುಟದ ಆ ಒಂದು ಮೀಟರನ್ನು ಯಾವ ವೇಳಾಪಟ್ಟಿಯೂ ಹಿಗ್ಗಿಸಲಾರದು. ಅದಕ್ಕೆ ಟ್ರ್ಯಾಕ್ ಇಲ್ಲದ ಅಂಗಳವೇ ಬೇಕು. ಅಂಥದ್ದೊಂದು ಅಶೋಕನಗರದಲ್ಲಿ ಆಗಲೇ ಇದೆ, ಅದಕ್ಕೆ ಬೇಕಾಗಿರುವುದು ಹೊಸ ಗ್ಯಾಲರಿಗಳು.